ಗಡಿ ಜಗಳಕ್ಕೆ ಕೋರ್ಟ್ ತೀರ್ಪು ಬಂದರೆ ಸೋತ ದೇಶ ಜಾಗ ಬಿಡುತ್ತದಾ?

ಪ್ರಶ್ನೆ: ಅಂತರರಾಷ್ಟ್ರೀಯ ಕಾನೂನು ಬಲ್ಲವರು ಹೇಳಿ. ಗಡಿ ವಿಷಯಕ್ಕೆ ಎರಡು ದೇಶಗಳು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗುತ್ತವೆ. ಸೋತವರು ಜಾಗ ಬಿಡದಿದ್ದರೆ? ಆ ಕೋರ್ಟಿಗೆ ಪೊಲೀಸರೂ ಇಲ್ಲ, ಸೈನ್ಯವೂ ಇಲ್ಲ. ಸುಮ್ನೆ ಕಾಗದದ ತೀರ್ಪಲ್ವಾ?

ಉತ್ತರ (ಅಂತರರಾಷ್ಟ್ರೀಯ ಕಾನೂನು ಪ್ರಾಧ್ಯಾಪಕ): ಪೊಲೀಸರಿಲ್ಲ, ನಿಜ. ತೀರ್ಪು ಪಾಲಿಸದಿದ್ದರೆ ಗೆದ್ದವರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಡಬಹುದು, ಅಷ್ಟೇ. ಆದರೂ ಬಹಳ ದೇಶಗಳು ಜಾಗ ಬಿಟ್ಟಿವೆ. ತಮ್ಮ ಗಡಿಯಲ್ಲಿರುವ ಔಜು ಪಟ್ಟಿ ಅನ್ನುವ ಜಾಗಕ್ಕಾಗಿ ಆಫ್ರಿಕಾದ ಲಿಬಿಯಾ ಮತ್ತು ಚಾಡ್ ಯುದ್ಧವನ್ನೇ ಮಾಡಿದ್ದವು. ಆಮೇಲೆ ಕೋರ್ಟಿಗೆ ಹೋದವು. 1994ರ ಫೆಬ್ರವರಿಯಲ್ಲಿ 16 ನ್ಯಾಯಾಧೀಶರು ಚಾಡ್ ಪರ ನಿಂತರು, ಲಿಬಿಯಾ ಪರ ಒಬ್ಬರೇ. ಮೇ ಮುಗಿಯುವಷ್ಟರಲ್ಲಿ ಲಿಬಿಯಾ ಸೈನ್ಯ ಜಾಗ ಖಾಲಿ ಮಾಡಿತು. ನೋಡಿಕೊಳ್ಳಲು ಇದ್ದದ್ದು ವಿಶ್ವಸಂಸ್ಥೆಯ ಒಂದು ಚಿಕ್ಕ ತಂಡ.

ಯಾಕೆ ಬಿಡುತ್ತಾರೆ? ನನಗೆ ಕಾಣುವ ದೊಡ್ಡ ಕಾರಣ ಇದು: ಮಾತುಕತೆಯಲ್ಲಿ ಒಂದಡಿ ನೆಲ ಬಿಟ್ಟರೂ ನಾಯಕನನ್ನು ದ್ರೋಹಿ ಅನ್ನುತ್ತಾರೆ. ಕೋರ್ಟ್ ಹೇಳಿದ ಮೇಲೆ ಬಿಟ್ಟರೆ ತಲೆ ಎತ್ತಿಕೊಂಡು ಊರಿಗೆ ಬರಬಹುದು.

ಪ್ರಶ್ನೆ: ಗೆರೆ ಎಲ್ಲಿ ಅಂತ ಹೇಗೆ ತೀರ್ಮಾನಿಸುತ್ತಾರೆ? ಹಳೇ ಮ್ಯಾಪ್ ನೋಡಿಯಾ?

ಉತ್ತರ: ಮ್ಯಾಪ್ ಒಂದೇ ಸಾಲದು. ಬುರ್ಕಿನಾ ಫಾಸೊ ಮತ್ತು ಮಾಲಿ ಎರಡೂ 1960ರಲ್ಲಿ ಫ್ರಾನ್ಸ್‌ನಿಂದ ಬಿಡುಗಡೆಯಾದವು. ಕೇಸು ಕೋರ್ಟಿನಲ್ಲಿ ಇರುವಾಗಲೇ, 1985ರ ಡಿಸೆಂಬರಿನಲ್ಲಿ, ಗುಂಡು ಹಾರಿತು. ಕದನ ನಿಲ್ಲಿಸಿ ವಿಚಾರಣೆ ಮುಂದುವರಿಸಿದರು. 1986ರಲ್ಲಿ ತೀರ್ಪು ಬಂತು. ಸ್ವಾತಂತ್ರ್ಯ ಬಂದ ದಿನ ಆಡಳಿತದ ಗೆರೆ ಎಲ್ಲಿತ್ತೋ ಅದೇ ಗಡಿ, ಇದು ಅಲ್ಲಿನ ಮುಖ್ಯ ನಿಯಮ. ಅದಕ್ಕಾಗಿ ವಸಾಹತು ಕಾಲದ ಆದೇಶ, ಪತ್ರ, ಮ್ಯಾಪ್ ಎಲ್ಲ ಕೆದಕಿದರು. ಸೂಮ್ ಅನ್ನುವ ಒಂದು ಕೊಳ ಯಾರದ್ದು ಅನ್ನುವುದಕ್ಕೆ ಮಾತ್ರ ಗಟ್ಟಿ ದಾಖಲೆ ಸಿಗಲಿಲ್ಲ. ಅದನ್ನು ಎರಡು ಸಮಪಾಲು ಮಾಡಿದರು. ಈ ತೀರ್ಪಿನಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಅದೇ.

ಪ್ರಶ್ನೆ: ಅಲ್ಲಿ ಬದುಕುವ ಜನ?

ಉತ್ತರ: ಕಷ್ಟ ಜಾಸ್ತಿ ಆಗುವುದು ಅವರಿಗೇ. ನೈಜೀರಿಯಾ ಮತ್ತು ಕ್ಯಾಮರೂನ್ ಎರಡೂ ತಮ್ಮದು ಅನ್ನುತ್ತಿದ್ದ ಬಕಾಸ್ಸಿ ಪರ್ಯಾಯ ದ್ವೀಪ ಕ್ಯಾಮರೂನಿನದ್ದು ಅಂತ 2002ರಲ್ಲಿ ತೀರ್ಪಾಯಿತು. ಆದರೆ ಅಲ್ಲಿ ಇದ್ದವರಲ್ಲಿ ಹೆಚ್ಚಿನವರು ನೈಜೀರಿಯಾದ ಮೀನುಗಾರರು. ವಿಶ್ವಸಂಸ್ಥೆ ಎರಡೂ ದೇಶಗಳನ್ನು ಕೂರಿಸಿಕೊಂಡು ವರ್ಷಗಟ್ಟಲೆ ಮಾತಾಡಿತು. 2006ರಲ್ಲಿ ಒಪ್ಪಂದವಾಯಿತು, 2008ರ ಆಗಸ್ಟ್‌ನಲ್ಲಿ ಹಸ್ತಾಂತರ ಮುಗಿಯಿತು. ಅಲ್ಲಿನ ನೈಜೀರಿಯನ್ನರನ್ನು ಬಲವಂತವಾಗಿ ಎಬ್ಬಿಸಬಾರದು ಅಂತ ಒಪ್ಪಂದದಲ್ಲೇ ಬರೆದಿದ್ದರು. ಹಾಗಿದ್ದೂ ಎಷ್ಟೋ ಕುಟುಂಬಗಳು ಊರು ಬಿಟ್ಟವು. ಅವರಿಗೆ ಸರಿಯಾದ ನೆಲೆ ಸಿಗಲಿಲ್ಲ. ಇದನ್ನು ಮುಚ್ಚಿಟ್ಟು ಬರೀ ಶಾಂತಿಯ ಕತೆ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಒಂದು ದೇಶ ಕೋರ್ಟೇ ಬೇಡ ಅಂದರೆ?

ಉತ್ತರ: ಒಪ್ಪಿಗೆ ಇಲ್ಲದೆ ಕೋರ್ಟ್ ಕೇಸು ಕೇಳುವಂತಿಲ್ಲ. ಆ ಒಪ್ಪಿಗೆ ಮೊದಲೇ ಮಾಡಿಕೊಂಡ ಒಪ್ಪಂದದಲ್ಲೂ ಇರಬಹುದು. ಥಾಯ್ಲೆಂಡ್-ಕಾಂಬೋಡಿಯಾ ಗಡಿಯಲ್ಲಿರುವ ಪ್ರಿಯಾ ವಿಹಾರ್ ದೇವಾಲಯ ಕಾಂಬೋಡಿಯಾದ್ದು ಅಂತ 1962ರಲ್ಲೇ ತೀರ್ಪು ಬಂದಿದೆ. ಉಳಿದ ಗಡಿ ಜಾಗಗಳ ವಿಷಯಕ್ಕೆ 2025ರಲ್ಲಿ ಕಾಂಬೋಡಿಯಾ ಮತ್ತೆ ಕೋರ್ಟಿಗೆ ಹೋಗೋಣ ಅಂದಿತು. ಥಾಯ್ಲೆಂಡ್ ಒಪ್ಪಲಿಲ್ಲ. ಅದೇ ವರ್ಷ ಜುಲೈನಲ್ಲಿ ಗಡಿಯಲ್ಲಿ ಕದನ ನಡೆಯಿತು.