ಒಂದೇ ಮಾವಿನ ಮರ, ಅರ್ಧ ಹೂವು ಅರ್ಧ ಚಿಗುರು. ಹೀಗೂ ಆಗುತ್ತಾ?

ಹೊಂಗೆಬೀದಿ (ಮೈಸೂರು)

ಎಲ್ರಿಗೂ ನಮಸ್ಕಾರ. ಹೋದ ವರ್ಷ ಸಂಕ್ರಾಂತಿ ಆದ್ಮೇಲೆ ಒಂದು ಹುಚ್ಚು ಹಿಡಿದಿದೆ ನನಗೆ. ಪ್ರತಿ ಭಾನುವಾರ ಬೆಳಗ್ಗೆ ಎಂಟಕ್ಕೆ ಕಾಫಿ ಲೋಟ ಹಿಡ್ಕೊಂಡು ಮಹಡಿ ಹತ್ತಿ ಎದುರುಗಡೆ ಹೊಂಗೆ ಮರದ್ದೊಂದು, ಹಿಂದಿನ ಮನೆಯವರ ಕಾಂಪೌಂಡಲ್ಲಿರೋ ಮಾವಿನ ಮರದ್ದೊಂದು ಫೋಟೋ ಹೊಡೆಯೋದು. ಫೋನಲ್ಲೇ, ದೊಡ್ಡ ಕ್ಯಾಮೆರಾ ಏನಿಲ್ಲ. ಮನೇಲಿ ನಗ್ತಾರೆ, ಅದೇ ಮರ ಎಷ್ಟು ಸಲ ತೆಗೀತೀರಾ ಅಂತ.

ಆದ್ರೆ ಈಗ ಐವತ್ತು ಚಿಲ್ಲರೆ ಫೋಟೋ ಸಾಲಾಗಿ ಜರುಗಿಸ್ತಾ ನೋಡಿದ್ರೆ ಸಿನಿಮಾ ನೋಡಿದ ಹಾಗಿದೆ. ಹೊಂಗೆ ಫೆಬ್ರವರಿ ಕೊನೆಗೆ ಹಳದಿಗೆ ತಿರುಗಿ ಉದುರಕ್ಕೆ ಶುರು ಮಾಡ್ತು, ಎರಡು ವಾರ ಬೋಳು ಬೋಳು, ಯುಗಾದಿ ಹೊತ್ತಿಗೆ ಎಣ್ಣೆ ಸವರಿದ ಹಾಗೆ ಹೊಳೆಯೋ ಎಳೆ ಹಸಿರು, ಏಪ್ರಿಲಲ್ಲಿ ಹೂವು, ಕೆಳಗೆ ನಿಲ್ಲಿಸಿದ್ದ ಸ್ಕೂಟರ್ ಸೀಟ್ ಮೇಲೆಲ್ಲ ಪುರಿ ಚೆಲ್ಲಿದ ಹಾಗೆ. ಹದಿನೈದು ವರ್ಷದಿಂದ ಇದೇ ಮನೇಲಿದೀನಿ, ಹಳೇ ಕಾಯಿ ಇನ್ನೂ ನೇತಾಡ್ತಿರುವಾಗಲೇ ಹೊಸ ಹೂವು ಬರುತ್ತೆ ಅಂತ ಫೋಟೋ ಝೂಮ್ ಮಾಡಿದಾಗಲೇ ಗೊತ್ತಾಗಿದ್ದು!

ಈಗ ಪ್ರಶ್ನೆ. ಮಾವಿನ ಮರ ಈ ಸಲ ವಿಚಿತ್ರವಾಗಿದೆ. ರಸ್ತೆ ಕಡೆ ಇರೋ ಅರ್ಧಕ್ಕೆ ತಾಮ್ರದ ಬಣ್ಣದ ಚಿಗುರು, ಜೋತುಬಿದ್ದಿದೆ, ಮುಟ್ಟಿದ್ರೆ ರೇಷ್ಮೆ. ಬಾವಿ ಕಡೆ ಇರೋ ಅರ್ಧಕ್ಕೆ ಪೂರ್ತಿ ಹೂವು. ಯಾರೋ ಮಧ್ಯ ಗೆರೆ ಎಳೆದ ಹಾಗೆ. ಮರಕ್ಕೆ ಏನಾದ್ರೂ ರೋಗಾನಾ? ಎರಡನೇದು, ಒಂದೇ ಜಾಗ ಒಂದೇ ಟೈಮಲ್ಲಿ ತೆಗೆದ್ರೂ ಒಂದು ವಾರ ಹಸಿರು ಹಸಿರಾಗಿ, ಇನ್ನೊಂದು ವಾರ ನೀಲಿ ಹೊಡೆದ ಹಾಗೆ ಬರುತ್ತಲ್ಲ, ಇದಕ್ಕೇನು ಮಾಡೋದು?

ಬಸವನಗುಡಿ ಬೈನಾಕ್ಯುಲರ್

ಮಾವಿಂದು ಗೊತ್ತಿರೋರು ಹೇಳ್ತಾರೆ, ನಾನು ಫೋಟೋ ಬಗ್ಗೆ ಹೇಳ್ತೀನಿ. ನಿಮ್ಮ ತೊಂದರೆ ಎರಡು. ಒಂದು ಫೋನಿಂದು, ಅದು ತಾನೇ ಬುದ್ಧಿವಂತ ಅಂದ್ಕೊಂಡು ಪ್ರತಿ ಸಲ ಬಣ್ಣ ತಿದ್ದುತ್ತೆ. ಸೆಟ್ಟಿಂಗ್ ಎಲ್ಲ ನಾವೇ ಇಡೋ ಪ್ರೋ ಮೋಡ್ ಇದ್ರೆ ವೈಟ್ ಬ್ಯಾಲೆನ್ಸ್, ಅಂದ್ರೆ ಬಣ್ಣ ಹೊಂದಿಸೋ ಸೆಟ್ಟಿಂಗ್, ಅದನ್ನ ಬಿಸಿಲು ಅಂತ ಇಟ್ಬಿಡಿ, ಮೋಡ ಇದ್ರೂ ಬದಲಾಯಿಸ್ಬೇಡಿ. ಝೂಮ್ ಮುಟ್ಟಬೇಡಿ, ಬೆಳಕು ನೆರಳು ತಾನೇ ಸರಿದೂಗಿಸೋ ಎಚ್‌ಡಿಆರ್ ಆಫ್ ಮಾಡಿ, ಗ್ರಿಡ್ ಆನ್ ಮಾಡಿ ಒಂದು ಕರೆಂಟ್ ಕಂಬವೋ ಗೋಡೆ ಮೂಲೆಯೋ ಯಾವಾಗಲೂ ಅದೇ ಗೆರೆ ಮೇಲೆ ಬರೋ ಹಾಗೆ ನೋಡ್ಕೊಳ್ಳಿ. ನಾನು ಬಾಲ್ಕನಿ ಕಟ್ಟೆ ಮೇಲೆ ನೇಲ್ ಪಾಲಿಶಲ್ಲಿ ಗುರುತು ಹಾಕಿದೀನಿ, ಹೆಂಡತಿ ಬಾಟಲಿ ಅಂತ ಬೈಸ್ಕೊಂಡೂ ಆಯ್ತು.

ಇನ್ನೊಂದು ಸೂರ್ಯಂದು, ಇದನ್ನ ತುಂಬಾ ಜನ ಯೋಚನೆ ಮಾಡಲ್ಲ. ಎಂಟು ಗಂಟೆ ಅಂದ್ರೆ ವರ್ಷವೆಲ್ಲ ಒಂದೇ ಬೆಳಕಲ್ಲ. ಡಿಸೆಂಬರಲ್ಲಿ ಸೂರ್ಯ ಪೂರ್ವದಿಂದ ದಕ್ಷಿಣಕ್ಕೆ ಸರಿದು ಹುಟ್ತಾನೆ, ಜೂನಲ್ಲಿ ಉತ್ತರಕ್ಕೆ ಸರಿದು. ಬೆಂಗಳೂರಲ್ಲಿ ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ ನೆರಳೇ ಬೀಳಲ್ವಲ್ಲ, ಆಮೇಲೆ ಆಗಸ್ಟ್ 18ರ ಆಸುಪಾಸಿನವರೆಗೂ ನಡು ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೇ ಇರ್ತಾನೆ, ಮೈಸೂರಲ್ಲಿ ಒಂದೆರಡು ದಿನ ಹೆಚ್ಚು ಕಮ್ಮಿ. ಹಾಗಾಗಿ ಜನವರಿಯಲ್ಲಿ ಬಿಸಿಲು ಬಿದ್ದಿದ್ದ ಮಗ್ಗುಲು ಜೂನಲ್ಲಿ ನೆರಳಲ್ಲಿರುತ್ತೆ. ಬಿಸಿಲು ಹತ್ತೋ ಮುಂಚೆ ತೆಗೆದ್ರೆ ಈ ರಗಳೆ ಕಮ್ಮಿ.

ಒಂದು ಮಾತು ಖುಷಿಯಾಯ್ತು, ನೀವು ಹೊಂಗೆ ಆರಿಸ್ಕೊಂಡಿದ್ದು. ಇಲ್ಲಿ ಗುಲಾಬಿ ತಬೇಬುಯಾ ಹೂ ಬಿಟ್ಟ ವಾರ ಎಲ್ಲರೂ ಫೋಟೋಗ್ರಾಫರ್, ಉದುರಿದ ಮೇಲೆ ಆ ಮರ ಯಾವ್ದು ಅಂದ್ರೆ ಯಾರಿಗೂ ಗೊತ್ತಿಲ್ಲ. ಒಂದಾದ ಮೇಲೊಂದು ರಸ್ತೆ ಹೂ ಬಿಡೋ ಹಾಗೆ ಗಿಡ ಹಾಕಿಸಿದ ಪುಣ್ಯಾತ್ಮ ಕ್ರುಂಬಿಗಲ್, 1908ರಿಂದ 1932ರವರೆಗೆ ಲಾಲ್‌ಬಾಗ್ ನೋಡ್ಕೊಂಡಿದ್ದ ಜರ್ಮನ್ ತೋಟಗಾರ. ಅವರ ಉಪಕಾರ ದೊಡ್ಡದೇ, ಆದ್ರೂ ದೂರದೇಶದ ಜಕರಂದಾ ಮುಂದೆ ನಮ್ಮ ಹೊಂಗೆ ಯಾರ ಕಣ್ಣಿಗೂ ಬೀಳದ ಹಾಗಾಯ್ತು ಅನ್ಸುತ್ತೆ ನನಗೆ.

ಧಾರವಾಡ ಪೇಡೆ

ಬೈನಾಕ್ಯುಲರ್ ಸಾಹೇಬ್ರು ಬೆಳಕಿನ್ ಬಗ್ಗೆ ಹೇಳಿದ್ದು ಖರೇ ಐತ್ರಿ. ನಾ ಇನ್ನೊಂದು ಹೇಳ್ತೀನಿ. ನಮ್ಮ ಕಡೆ ಹೋಳಿ ಹುಣ್ಣಿವಿ ಹತ್ರ ಬಂತಂದ್ರ ಮುತ್ತಲ ಗಿಡದಾಗ ಒಂದ್ ಎಲಿ ಇರಂಗಿಲ್ಲ, ಬರೇ ಹೂವು, ಹೊಲದ ಬದುವಿಗೆ ಬೆಂಕಿ ಹಚ್ಚಿದಂಗ ಕಾಣ್ತದ. ಹ್ವಾದ ವರ್ಷ ಇದನ್ನ ತಗೀಲಿಕ್ಕೆ ಗಾಡಿ ತಗೊಂಡು ಮೂರು ಸಲ ಹೋದೆ, ಮೂರೂ ಸಲ ಹೂವೆಲ್ಲಾ ಒಂದ ಕೆಂಪು ಮುದ್ದಿ ಆಗಿ ಬಂದ್ವು, ಪಕಳಿ ಅನ್ನೂದ ಕಾಣವಲ್ದು. ಆಮ್ಯಾಲೆ ಗೊತ್ತಾತು, ಫೋಟೋ ಒಟ್ಟು ಬೆಳಕು ಸರಿ ಇದ್ರೂ ಕೆಂಪು ಬಣ್ಣ ಒಂದ ತುಂಬಿ ಹೊರಗ ಚೆಲ್ಲಿರ್ತದ. ಫೋನ್ ಪರದಿ ಮ್ಯಾಲೆ ಹೂವು ಮುಟ್ಟಿ, ಬೆಳಕಿನ ಗೆರಿ ಸ್ವಲ್ಪ ಕೆಳಗ ಎಳೀರಿ, ಫೋಟೋ ಕಪ್ಪಾತು ಅನಿಸಿದ್ರೂ ಪರವಾಗಿಲ್ಲ. ಆವಾಗ ನೋಡ್ರಿ, ಮೊಗ್ಗಿನ ತೊಟ್ಟು ಕಪ್ಪು ಮಖಮಲ್ ಬಟ್ಟಿ ಇದ್ದಂಗ, ಹೂವಿನ ಮೂತಿ ಗಿಳಿ ಕೊಕ್ಕಿನಂಗ, ಎಲ್ಲಾ ಬಿಡಿಬಿಡಿ ಕಾಣ್ತದ. ಗುಲ್ಮೊಹರ್‌ಗೂ ಇದ ಮದ್ದು.

ಮುತ್ತಲದ್ದು ಮತ್ತೊಂದು ಮಜಾ, ಹೂವಿಗೆ ಬರೂ ಮಂದಿ ನೂರು, ನಂತರ ಎಲಿ ಬಂದಾಗ ಯಾರೂ ಬರಂಗಿಲ್ಲ. ನಮ್ಮಜ್ಜಿ ಮಾತ್ರ ಎಲಿಗೇ ಕಾಯ್ತಿದ್ಲು, ಪತ್ರೋಳಿ ಹಚ್ಚಲಿಕ್ಕೆ.

ಮಳೆಗಾಲದ ಮನುಷ್ಯ (ಸಾಗರ)

ಮೊದಲು ತಾಮ್ರದ ಚಿಗುರಿಗೆ. ಅದು ರೋಗ ಅಲ್ಲ ಮಾರಾಯ್ರೆ. ಎಳೆ ಎಲೆಯಲ್ಲಿ ಹಸಿರು ಇನ್ನೂ ತುಂಬಿರಲ್ಲ, ಆಂಥೋಸಯನಿನ್ ಅನ್ನೋ ಕೆಂಪು ಬಣ್ಣ ಮೊದಲು ಬರುತ್ತೆ. ಎಳೆ ಎಲೆ ಬಿಸಿಲಿಗೆ ಸುಡದ ಹಾಗೆ ಅದು ಕೊಡೆ ಹಿಡಿದಂತೆ, ಹುಳ ಹುಪ್ಪಟೆಗೂ ಅಷ್ಟು ಇಷ್ಟ ಆಗಲ್ಲ ಅಂತಾರೆ. ನಮ್ಮ ಕಡೆ ನಾಗಸಂಪಿಗೆ ಚಿಗುರು ನೋಡ್ಬೇಕು ನೀವು, ದೂರದಿಂದ ಹೂ ಅಂದ್ಕೊಂಡು ಹತ್ತಿರ ಹೋದವರು ಎಷ್ಟೋ ಜನ. ಅರಳಿ ಮರದ್ದೂ ಹಾಗೇ.

ಫೋಟೋ ಜೊತೆ ಒಂದು ಸಾಲು ಬರೆದಿಡಿ ಅಂತ ನನ್ನ ಒತ್ತಾಯ. ನಮ್ಮ ದೇಶದ ಮರಗಳ ಲೆಕ್ಕ ಇಡೋ ಸೀಸನ್‌ವಾಚ್ ಅಂತ ಇದೆ, ಅದರಲ್ಲಿ ಒಂದೇ ಮರವನ್ನ ವಾರ ವಾರ ನೋಡಿ ಎಳೆ ಎಲೆ, ಬಲಿತ ಎಲೆ, ಮೊಗ್ಗು, ಹೂವು, ಕಾಯಿ, ಹಣ್ಣು ಒಂದೊಂದಕ್ಕೂ ಇಲ್ಲ, ಸ್ವಲ್ಪ, ಜಾಸ್ತಿ ಅಂತ ಗುರುತು ಹಾಕಿದ್ರೆ ಆಯ್ತು. ಎರಡು ನಿಮಿಷದ ಕೆಲಸ. ಫೋಟೋದಲ್ಲಿ ಮೊಗ್ಗು ಎಷ್ಟೋ ಸಲ ಕಾಣಲ್ಲ, ಕಣ್ಣಿಗೆ ಕಾಣುತ್ತೆ.

ಮಳೆಗಾಲದಲ್ಲಿ ಬಿಟ್ಟುಬಿಡ್ಬೇಡಿ ಮತ್ತೆ. ಜೂನ್ ಬಂತು ಅಂದ್ರೆ ಇಲ್ಲಿ ಎಲ್ಲರೂ ಕ್ಯಾಮೆರಾ ಮಡಿಸಿಡ್ತಾರೆ, ನನ್ನ ಪ್ರಕಾರ ಮರ ನೋಡೋಕೆ ಶುರು ಮಾಡೋದೇ ಆಗ. ಬೇಸಿಗೆಯಲ್ಲಿ ಸತ್ತ ಹುಲ್ಲಿನ ಹಾಗೆ ಮುದುರಿದ್ದ ಜರಿಗಿಡ ಕೊಂಬೆ ಮೇಲೆ ಹಸಿರಾಗಿ ಎದ್ದು ಕೂತಿರುತ್ತೆ, ಹಳೇ ಹಲಸಿನ ಮರದ ಮೇಲೆ ಸೀತಾಳೆ ದಂಡೆ ಅನ್ನೋ ಆರ್ಕಿಡ್ ಹೂವು ಜಡೆ ಇಳಿಬಿಟ್ಟಿರುತ್ತೆ. ಕ್ಯಾಮೆರಾ ಇದ್ದೋರು ಮಾತ್ರ ಹುಷಾರು, ನನ್ನ ಒಂದು ಲೆನ್ಸು ಒಂದೇ ಮಳೆಗಾಲಕ್ಕೆ ಒಳಗೆ ಜೇಡರ ಬಲೆ ಕಟ್ಟಿದ ಹಾಗೆ ಬೂಷ್ಟು ಹಿಡೀತು. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಬೇರೆ ದಾರಿ ಇಲ್ಲ.

ತೋಪಿನಹುಡುಗ (ಶ್ರೀನಿವಾಸಪುರ)

ಅಣ್ಣಾ, ಮಾವು ನಮ್ಮದು, ಅದಕ್ಕೆ ಬಂದೆ. ನಿಮ್ಮ ಮರ ಚೆನ್ನಾಗೇ ಐತೆ. ಮಾವಲ್ಲಿ ಒಂದೊಂದು ಕೊಂಬೆದೂ ಒಂದೊಂದು ಲೆಕ್ಕ. ಹೋದ ವರ್ಷ ಕಾಯಿ ಹೊತ್ತ ಕೊಂಬೆ ಸುಸ್ತಾಗಿರುತ್ತೆ, ಕಾಯಿ ಕಿತ್ತ ಮೇಲೆ ಬೇಗ ಚಿಗುರು ಬಿಡಕ್ಕೆ ಶಕ್ತಿ ಇರಲ್ಲ, ತಡವಾಗಿ ಬಿಟ್ಟ ಚಿಗುರು ಚಳಿಗಾಲಕ್ಕೆ ಬಲಿತಿರಲ್ಲ. ಬಲಿತ ಕಡ್ಡಿಗೆ ಚಳಿ ಬಿದ್ರೇನೇ ಹೂವು. ಬಲಿತಿಲ್ಲ ಅಂದ್ರೆ ಈ ವರ್ಷ ಬರೀ ಎಲೆ. ಕಾಯಿ ಬಿಡದೆ ಆರಾಮಾಗಿದ್ದ ಕೊಂಬೆ ಈ ವರ್ಷ ಹೂ ಬಿಡುತ್ತೆ. ಬಾದಾಮಿ, ಮಲಗೋವಾ ತಳಿ ಆದ್ರೆ ಈ ಆಟ ಜಾಸ್ತಿ, ನೀಲಂ ಹೆಚ್ಚು ಕಮ್ಮಿ ಪ್ರತಿ ವರ್ಷ ಕೊಡುತ್ತೆ. ನಿಮ್ಮತ್ರ ಹೋದ ವರ್ಷದ ಫೋಟೋ ಐತಲ್ಲ, ತೆಗೆದು ನೋಡಿ, ಯಾವ ಕಡೆ ಕಾಯಿತ್ತು ಅಂತ. ನಾವು ಇದನ್ನೆಲ್ಲ ನೆನಪಲ್ಲಿ ಇಟ್ಕೋತೀವಿ, ನಿಮ್ಮತ್ರ ಸಾಕ್ಷಿನೇ ಐತೆ.

ಹಾಂ, ಹೂವಿನ ಕಡೆ ಕೆಳಗಿನ ಎಲೆ ಮುಟ್ಟಿ ನೋಡಿ, ಅಂಟಂಟು ಇದ್ರೆ ಜಿಗಿಹುಳ ಬಂದೈತೆ ಅಂತ, ಆ ಮನೆಯೋರಿಗೆ ಒಂದು ಮಾತು ಹೇಳಿ.

ಟೊರೊಂಟೊ ಕನ್ನಡಿಗ

ಓದ್ತಾ ಹೊಟ್ಟೆಕಿಚ್ಚಾಯ್ತು. ನಾನೂ ಕಿಟಕಿ ಎದುರಿನ ಮೇಪಲ್ ಮರ ಹೀಗೇ ತೆಗೀತಿದೀನಿ, ಅಕ್ಟೋಬರಲ್ಲಿ ಎರಡು ವಾರ ಬೆಂಕಿ, ಆಮೇಲೆ ಏಪ್ರಿಲ್‌ವರೆಗೂ ಅದೇ ಕಡ್ಡಿ. ಈ ಚಳಿಗಾಲ ಬೇಜಾರಾಗಿ ಹತ್ತಿರ ಹೋಗಿ ಒಂದು ಕಡ್ಡಿ ತುದಿ ಫೋಟೋ ತೆಗೆದೆ, ಮುಂದಿನ ವರ್ಷದ ಮೊಗ್ಗು ಆಗಲೇ ಸಣ್ಣದಾಗಿ ಮುಚ್ಚಿಕೊಂಡು ಕೂತಿದೆ, ಎಲೆ ಉದುರೋ ಮುಂಚೆನೇ ತಯಾರಾಗಿರುತ್ತಂತೆ. ನಮ್ಮಲ್ಲಿ ಶಿಶಿರದಲ್ಲಿ ಎಲೆ ಉದುರಿ ಒಂದೆರಡು ವಾರಕ್ಕೆ ಚಿಗುರು ಬಂದ್ಬಿಡುತ್ತಲ್ಲ, ಎಷ್ಟು ಅವಸರ ನಮ್ಮ ಮರಗಳಿಗೆ!

ಹೊಂಗೆಬೀದಿ (ಮೈಸೂರು)

ಎಲ್ರಿಗೂ ಥ್ಯಾಂಕ್ಸ್. ತೋಪಿನಹುಡುಗ ಹೇಳಿದ ತಕ್ಷಣ ಹೋದ ಏಪ್ರಿಲ್ ಫೋಟೋ ತೆಗೆದೆ. ಕಾಯಿ ಪೂರ್ತಿ ರಸ್ತೆ ಕಡೆ, ಬಾವಿ ಕಡೆ ಒಂದೂ ಇಲ್ಲ! ಈಗ ಸರಿಯಾಗಿ ತಿರುಗಾಮುರುಗಾ ಆಗಿದೆ. ಆದ್ರೆ ಒಂದು ಕೊಂಬೆ ಲೆಕ್ಕಕ್ಕೆ ಸಿಗ್ತಿಲ್ಲ, ಕಂಬದ ಪಕ್ಕದ್ದು, ಏಪ್ರಿಲಲ್ಲಿ ಒಳ್ಳೆ ಗೊಂಚಲು ಇದೆ, ಆದ್ರೂ ಈ ವರ್ಷ ಮತ್ತೆ ಹೂ ಬಿಟ್ಟಿದೆ.

ತೋಪಿನಹುಡುಗ (ಶ್ರೀನಿವಾಸಪುರ)

ಏಪ್ರಿಲ್ ಅಲ್ಲ ಅಣ್ಣಾ, ಮೇ ತಿಂಗಳದು ನೋಡಿ. ಕಾಯಿ ಎಳೇದಿರುವಾಗಲೇ ಉದುರಿದ್ರೆ ಕೊಂಬೆಗೆ ಭಾರ ಇಲ್ಲ.

ಹೊಂಗೆಬೀದಿ (ಮೈಸೂರು)

ನೋಡಿದೆ. ಏಪ್ರಿಲ್ ಮೂರನೇ ಭಾನುವಾರ ಗೊಂಚಲು ಇದೆ, ನಾಲ್ಕನೇ ಭಾನುವಾರ ಆ ಕೊಂಬೆ ಖಾಲಿ, ಕೆಳಗೆ ಕಾಂಪೌಂಡ್ ಮೇಲೆ ಮುರಿದ ರೆಂಬೆ ಬಿದ್ದಿದೆ. ಈಗ ನೆನಪಾಯ್ತು, ಆ ವಾರ ರಾತ್ರಿ ಗಾಳಿ ಮಳೆ ಜೋರಾಗಿ ಬಂದು ಕರೆಂಟ್ ಹೋಗಿತ್ತು. ಮಾರನೇ ದಿನ ಆ ಮನೆ ಆಂಟಿ ಒಂದು ಬ್ಯಾಗ್ ಮಾವಿನಕಾಯಿ ತಂದುಕೊಟ್ಟು ಉಪ್ಪಿನಕಾಯಿಗೆ ಆಗುತ್ತೆ ಇಟ್ಕೊಳ್ಳಿ ಅಂದಿದ್ರು. ಜಾಡಿ ತಳದಲ್ಲಿ ಇನ್ನೂ ಸ್ವಲ್ಪ ಇದೆ.