‘ಡ್ಯಾನ್ಸ್ ಹಾಲ್’ಗೆ ಚಾವಡಿ ಎನ್ನಬಹುದೆ? ಜೊತೆಗೆ ಪಿಟೀಲು, ಎಡಮುರಿ, ಜವಾರಿ

ಬಳಗದ ಎಲ್ಲರಿಗೂ ನಮಸ್ಕಾರ.

ನಾನಿರುವುದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ. ಇಲ್ಲಿನ ಕನ್ನಡ ಕೂಟದ ಯುಗಾದಿ ಸಂಚಿಕೆಗೆ ಈ ಭಾಗದ ಹಳೆಯ ಡ್ಯಾನ್ಸ್ ಹಾಲ್‌ಗಳ ಬಗ್ಗೆ, ಅಲ್ಲಿ ವಾರಾಂತ್ಯಕ್ಕೆ ನುಡಿಸುವ ಹಳೆಯ ಧಾಟಿಯ ಕಂಟ್ರಿ ಸಂಗೀತದ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ. ಡ್ಯಾನ್ಸ್ ಹಾಲ್ ಎನ್ನುವುದಕ್ಕೆ ‘ನೃತ್ಯಶಾಲೆ’ ಎಂದು ಬರೆದೆ. ಕರಡು ಓದಿದ ಗೆಳತಿ, “ಅಲ್ಲಿ ಯಾರು ಕಲಿಸ್ತಾರೆ? ಭರತನಾಟ್ಯನಾ, ಕಥಕ್ಕಾ?” ಎಂದಳು. ಅವಳು ಕೇಳಿದ್ದು ಸರಿಯೇ. ನೃತ್ಯಶಾಲೆ ಎಂದರೆ ನಮಗೆ ಗುರು, ಗೆಜ್ಜೆ, ರಂಗಪ್ರವೇಶ. ನೃತ್ಯಮಂದಿರ ಎಂದರೂ ಅದೇ ಪಾಡು.

ಜಾಗ ಹೇಗಿದೆ ಎಂದು ಹೇಳದೆ ಪದ ಕೇಳಿದರೆ ಉತ್ತರ ಕೊಡುವುದು ನಿಮಗೂ ಕಷ್ಟ. ನ್ಯೂ ಬ್ರೌನ್‌ಫೆಲ್ಸ್ ಊರಿಗೆ ಸೇರಿದ ಗ್ರೀನ್ ಹಾಲ್ ಕಟ್ಟಿದ್ದು 1878ರಲ್ಲಿ. (ಜರ್ಮನ್ ಹೆಸರು, ಬರೆದದ್ದನ್ನು ನೋಡಿದರೆ ‘ಗ್ರುಯೆನೆ’ ಎಂದು ಓದಬೇಕೆನಿಸುತ್ತದೆ, ಊರವರ ಬಾಯಲ್ಲಿ ಅದು ‘ಗ್ರೀನ್’. ನಾನು ಬಾಯಮಾತಿನಂತೆಯೇ ಬರೆಯುತ್ತಿದ್ದೇನೆ.) ಎತ್ತರದ ತಗಡಿನ ಮಾಡು, ಮರದ ಹಲಗೆಯ ನೆಲ, ಮುಂದೆ ಬಾರು, ಹಿಂದಿನ ತುದಿಯಲ್ಲಿ ಸಣ್ಣ ವೇದಿಕೆ. ಪಕ್ಕದ ಗೋಡೆಗಳ ಹಲಗೆಗಳನ್ನು ತೆರೆದರೆ ಗಾಳಿ ಆಡುತ್ತದೆ. ಮಕ್ಕಳು, ಮುದುಕರು, ಹೊಸದಾಗಿ ಮದುವೆಯಾದವರು ಎಲ್ಲರೂ ಬರುತ್ತಾರೆ. ಹಿಂದೆಲ್ಲ ಕೂಸುಗಳನ್ನು ಬೆಂಚಿನ ಪಕ್ಕ ಹಾಸಿಗೆ ಹಾಸಿ ಮಲಗಿಸಿ ದೊಡ್ಡವರು ಕುಣಿಯುತ್ತಿದ್ದರಂತೆ. ಬಯಲಾಟಕ್ಕೆ ಚಾಪೆ ಹೊತ್ತುಕೊಂಡು ಹೋಗಿ, ರಾಕ್ಷಸ ಬರುವ ಹೊತ್ತಿಗೆ ಅಜ್ಜಿಯ ಪಕ್ಕ ನಿದ್ದೆ ಹೋದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪದ ಕೊಟ್ಟದ್ದು ನನ್ನ ಅಮ್ಮ. ತಿಪಟೂರು ಕಡೆಯವರು. ಹೋದ ಮೇ ತಿಂಗಳಲ್ಲಿ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಒಳಗೆ ಕಾಲಿಟ್ಟು ಮಾಡಿನ ಕಡೆ ಒಮ್ಮೆ, ಬೆಂಚಿನ ಮೇಲೆ ಸಾಲಾಗಿ ಕೂತ ಮುದುಕರ ಕಡೆ ಒಮ್ಮೆ ನೋಡಿ, “ನಮ್ಮೂರ್ ಚಾವಡಿ ಇದ್ದಂಗೈತಲ್ಲ” ಎಂದರು.

ಆಮೇಲೆ ಯೋಚಿಸಿದಷ್ಟೂ ಈ ಮಾತು ಗಟ್ಟಿ ಎನಿಸಿತು. ಟೆಕ್ಸಸ್‌ನ ಇಂಥ ಎಷ್ಟೋ ಕಟ್ಟಡಗಳನ್ನು ಕಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಬಂದು ನೆಲೆಸಿದ ಜರ್ಮನ್ ಮತ್ತು ಚೆಕ್ ರೈತರು. ಜರ್ಮನ್ನರ ಸಂಘಕ್ಕೆ ‘ಫೆರಾಯಿನ್’ ಎಂದು ಹೆಸರು: ಬಂದೂಕಿನ ಗುರಿಕಾರರದ್ದೊಂದು, ಹಾಡುಗಾರರದ್ದೊಂದು, ಬೇಸಾಯಗಾರರದ್ದೊಂದು. ಆನ್‌ಹಾಲ್ಟ್ ಎಂಬಲ್ಲಿನ ಸಭಾಂಗಣದ ಹಿಂದಿರುವ ಜರ್ಮಾನಿಯಾ ಫಾರ್ಮರ್ ಫೆರಾಯಿನ್ ಶುರುವಾದದ್ದೇ ದನಗಳ್ಳರ ಕಾಟ ತಡೆಯಲು. ಊರಿನ ಪಂಚಾಯಿತಿ, ಮದುವೆ ಊಟ, ಸುಗ್ಗಿ ಮುಗಿದ ಮೇಲೆ ಕುಣಿತ, ಎಲ್ಲಕ್ಕೂ ಒಂದೇ ಸೂರು. ಮೊದಮೊದಲು ಯುರೋಪಿನ ಜೋಡಿ ಕುಣಿತಗಳಾದ ಪೋಲ್ಕಾ, ವಾಲ್ಟ್ಸ್. ಆಮೇಲೆ ಪಿಟೀಲಿನ ತಂಡಗಳು ಬಂದವು, 1930ರ ದಶಕದಲ್ಲಿ ಪಿಟೀಲುಗಾರ ಬಾಬ್ ವಿಲ್ಸ್ ತಂಡದ ವೆಸ್ಟರ್ನ್ ಸ್ವಿಂಗ್, ಅಂದರೆ ಜಾಜ್ ಬೆರೆತ ಕಂಟ್ರಿ, ಬಂತು. ಇಂದಿಗೂ ಒಂದೇ ರಾತ್ರಿಯಲ್ಲಿ ಪೋಲ್ಕಾವೂ ಹಳೆಯ ಕಂಟ್ರಿ ಹಾಡುಗಾರ ಹ್ಯಾಂಕ್ ವಿಲಿಯಮ್ಸನ ಹಾಡೂ ಕೇಳಸಿಗುತ್ತವೆ. ಇದು ಚಾವಡಿಯಲ್ಲದೆ ಮತ್ತೇನು? ‘ಕುಣಿತದ ಚಾವಡಿ’ ಎಂದು ಬರೆಯಲು ಮನಸ್ಸಾಗಿದೆ. ಆದರೆ ಚಾವಡಿ ಎಂದರೆ ಕೆಲವು ಕಡೆ ಕಂದಾಯದವರು ಕೂರುವ ಕಟ್ಟೆ. ದಕ್ಷಿಣ ಕನ್ನಡದವರಿಗೆ ಮನೆಯ ಒಳಗಿನ ದೊಡ್ಡ ಪಡಸಾಲೆ. ಅವರಿಗೆ ಈ ಬಳಕೆ ಹೇಗೆ ಕೇಳುತ್ತದೆ?

‘ನೃತ್ಯ’ ಬಿಟ್ಟು ‘ಕುಣಿತ’ ಹಿಡಿದದ್ದಕ್ಕೆ ಕಾರಣ ಹೇಳಬೇಕು. ನೃತ್ಯವನ್ನು ಒಬ್ಬರು ಮಾಡುತ್ತಾರೆ, ಉಳಿದವರು ನೋಡುತ್ತಾರೆ. ಇಲ್ಲಿ ವೇದಿಕೆಯ ಎದುರು ಕುರ್ಚಿಯ ಸಾಲೇ ಇಲ್ಲ. ಎದುರಿಗಿರುವುದು ಬರಿಯ ನೆಲ, ಬಂದವರೇ ಕುಣಿಯುವವರು. ಡೊಳ್ಳುಕುಣಿತ, ಪಟಕುಣಿತ, ಸೋಮನ ಕುಣಿತಗಳ ‘ಕುಣಿತ’ವೇ ಇದಕ್ಕೆ ಹತ್ತಿರ. ಚಿಕ್ಕದಾಗಲಿ ಎಂದು ‘ಕುಣಿಮನೆ’ ಎಂದು ಕಟ್ಟಿ ನೋಡಿದೆ. ಆಲೆಮನೆ, ಗರಡಿಮನೆಯ ಹಾಗೆ ಒಪ್ಪುತ್ತದೆ ಎಂದುಕೊಂಡೆ. ಆದರೆ ಉತ್ತರ ಕರ್ನಾಟಕದಲ್ಲಿ ಕುಣಿ ಎಂದರೆ ಹೆಣ ಹೂಳುವ ಗುಂಡಿ. ಕೂಡಲೇ ಹೊಡೆದುಹಾಕಿದೆ.

ಇನ್ನು ಕುಣಿಯುವ ಬಗೆ. ಹೆಚ್ಚಾಗಿ ಕಾಣುವುದು ಟೂ ಸ್ಟೆಪ್: ಎರಡು ಚುರುಕು ಹೆಜ್ಜೆ, ಎರಡು ನಿಧಾನದ ಹೆಜ್ಜೆ. ಜೋಡಿ ಜೋಡಿಯಾಗಿ ಇಡೀ ಅಂಗಳವನ್ನು ಸುತ್ತುತ್ತಾರೆ, ಸುತ್ತುವುದು ಗಡಿಯಾರದ ಮುಳ್ಳಿಗೆ ಎದುರಾಗಿ. ಇದನ್ನು ‘ಅಪ್ರದಕ್ಷಿಣೆಯಾಗಿ’ ಎಂದು ಬರೆದರೆ ಅರ್ಥವೇನೋ ಸರಿ, ಆದರೆ ಅಪ್ರದಕ್ಷಿಣೆ ಎಂಬ ಮಾತಿಗೆ ಅಶುಭದ ನೆರಳಿದೆ, ಸಂತೋಷದ ರಾತ್ರಿಗೆ ಹೊಂದುವುದಿಲ್ಲ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ಮೇಲೆ ಬಲಮುರಿ, ಎಡಮುರಿ ಎಂದು ಎರಡು ಜಾಗಗಳಿವೆಯಲ್ಲ, ಅಲ್ಲಿಂದ ‘ಎಡಮುರಿ’ ತೆಗೆದುಕೊಂಡೆ. “ಜೋಡಿಗಳು ಎಡಮುರಿಯಾಗಿ ಸುತ್ತುತ್ತವೆ.” ನನ್ನ ಕಿವಿಗೆ ಹಿತವಾಗಿದೆ. ಶಂಖಕ್ಕೂ ಗಣಪತಿಯ ಸೊಂಡಿಲಿಗೂ ಮೀಸಲಾದ ಮಾತನ್ನು ಜನರ ನಡೆಗೆ ಬಳಸಿದ್ದು ಎಲ್ಲಾದರೂ ಕಂಡಿದ್ದೀರಾ?

ಅದೇ ರಾತ್ರಿ ಎಂಬತ್ತರ ಆಸುಪಾಸಿನ ಒಬ್ಬ ಅಜ್ಜ ಟೋಪಿ ತೆಗೆದು ಅಮ್ಮನ ಮುಂದೆ ನಿಂತು, ಕುಣಿಯಲು ಬರುತ್ತೀರಾ ಎಂದು ಕೇಳಿದರು. ಕನ್ನಡದಲ್ಲಿ ಅದನ್ನು ಹೇಳಲು ನನಗೆ ಬಾಯೇ ಬರಲಿಲ್ಲ. “ನನ್ನ ಜೊತೆ ಕುಣೀತೀರಾ” ಎಂಬ ವಾಕ್ಯ ನಮ್ಮಲ್ಲಿ ಇದ್ದರೂ ಅದನ್ನು ಮರ್ಯಾದೆಯಿಂದ ಕೇಳುವ ಸಂದರ್ಭವಿಲ್ಲ. “ಒಂದು ಸುತ್ತು ಬರೋಣವಾ ಅಂತ ಕೇಳ್ತಿದಾರಮ್ಮ” ಎಂದೆ. ಅಮ್ಮ ಕೈಮುಗಿದು ಒಲ್ಲೆ ಎಂದರು. ಮುಂದಿನ ಹಾಡಿಗೆ ಮೊಮ್ಮಗಳ ಕೈಹಿಡಿದು ತಾವೇ ಎದ್ದು, “ಬಾ ಮಗ, ನಾವೊಂದ್ ಸುತ್ ಬರಾಣ” ಎಂದರು. ಒಂದು ಹಾಡಿಗೆ ಕುಣಿಯುವ ಅಳತೆಗೆ ‘ಸುತ್ತು’ ಎಂಬ ಪದ ಹಾಗೆ ಸಿಕ್ಕಿತು. ಇದರ ಬಗ್ಗೆ ನನಗೆ ಅನುಮಾನವಿಲ್ಲ, ಹಾಗೇ ಇಡುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಪಿಟೀಲು. ಇಂಗ್ಲಿಷಿನವರು ಒಂದೇ ವಾದ್ಯವನ್ನು ಸಿಂಫನಿಯಲ್ಲಿ ವಯೊಲಿನ್ ಎನ್ನುತ್ತಾರೆ, ಕಂಟ್ರಿ ತಂಡದಲ್ಲಿ ಫಿಡಲ್ ಎನ್ನುತ್ತಾರೆ. ಮೊದಲ ಹೆಸರಿಗೆ ಸೂಟು, ಎರಡನೆಯದಕ್ಕೆ ಬೂಟು. ನಮ್ಮ ‘ಪಿಟೀಲು’ ಆ ಫಿಡಲ್ ಎಂಬುದರಿಂದಲೇ ಬಂದದ್ದು. ಆದರೆ ಕನ್ನಡದಲ್ಲಿ ಅದು ಕೆಳಗಿನ ಮೆಟ್ಟಿಲಲ್ಲಿ ಉಳಿಯಲಿಲ್ಲ. ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಹುಟ್ಟಿ, ನಾಲ್ಕು ತಂತಿಯ ವಾದ್ಯಕ್ಕೆ ಏಳು ತಂತಿ ಕಟ್ಟಿ ನುಡಿಸಿದ ಸಂಗೀತ ಕಲಾನಿಧಿಯನ್ನು ನಾಡೆಲ್ಲ ಕರೆದದ್ದು ಪಿಟೀಲು ಚೌಡಯ್ಯ ಎಂದೇ. ಹಾಗಾಗಿ ಟೆಕ್ಸಸ್ ತಂಡದ ಫಿಡಲನ್ನು ಪಿಟೀಲು ಎಂದು ಬರೆದರೆ ಪದ ತನ್ನ ತವರಿಗೆ ಹೋದಂತಾಗುತ್ತದೆ, ಗೌರವವನ್ನೂ ಕಟ್ಟಿಕೊಂಡು. ಕ್ರಿಯಾಪದದಲ್ಲಿ ಮಾತ್ರ ಜೋಪಾನ: ‘ನುಡಿಸಿದರು’ ಸರಿ, ‘ಬಾರಿಸಿದರು’ ಎಂದರೆ ರೋಮ್ ಹೊತ್ತಿ ಉರಿಯುವಾಗಿನ ನೀರೋ ನೆನಪಾಗುತ್ತಾನೆ, ‘ಕುಯ್ದರು’ ಎಂದರೆ ಬೈದಂತೆ. ಪೆಡಲ್ ಸ್ಟೀಲ್ ಗಿಟಾರಿನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಅಳುತ್ತ ಇಳಿಯುವ ಆ ನಾದಕ್ಕೆ ನಮ್ಮ ಸಂಗೀತಗಾರರ ‘ಜಾರು’ ಸಾಕು.

ಕೊನೆಗೂ ಬಗೆಹರಿಯದೆ ಉಳಿದದ್ದು ‘ಕಂಟ್ರಿ’. ಜಾನಪದ ಎನ್ನಲಾರೆ. ಈ ಹಾಡುಗಳಿಗೆ ಬರೆದವರ ಹೆಸರಿದೆ, ಧ್ವನಿಮುದ್ರಿಕೆಯಿಂದಲೂ ರೇಡಿಯೊದಿಂದಲೂ ಬೆಳೆದವು ಇವು. ಮಾರ್ಗ–ದೇಸಿ ಎಂಬ ಜೋಡಿ ಪಂಪನ ಕಾಲದಿಂದ ನಮ್ಮಲ್ಲಿದೆ, ‘ದೇಸಿ ಸಂಗೀತ’ ಎನ್ನೋಣವೆಂದರೆ ಅಮೆರಿಕದಲ್ಲಿ ದೇಸಿ ಎಂದರೆ ನಾವೇ. ಓದಿದವರು ಭಾಂಗ್ರಾ ಕೇಳಲು ಬಂದಾರು. ‘ನಾಡಸಂಗೀತ’ ಎಂದರೆ ನಾಡಗೀತೆಯ ಸದ್ದು. ‘ಕಂಟ್ರಿ’ ಎಂದೇ ಬಿಡಬಹುದು, ಆದರೆ ಈ ಪದ ಕನ್ನಡಕ್ಕೆ ಮೊದಲೇ ಬಂದು ಕೆಟ್ಟಿದೆ: ಕಂತ್ರಿ ನಾಯಿ, ಕಂತ್ರಿ ಬುದ್ಧಿ. ಇಲ್ಲಿಯೂ ಈ ಸಂಗೀತವನ್ನು ಹಿಂದೆ ‘ಹಿಲ್‌ಬಿಲಿ’, ಅಂದರೆ ಗುಡ್ಡಗಾಡಿನ ಗಮಾರರದ್ದು, ಎಂದು ಕರೆಯುತ್ತಿದ್ದರು. ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್ ಈ ಬಗೆಯ ಜನಪ್ರಿಯ ಹಾಡುಗಳ ತನ್ನ ಪಟ್ಟಿಗೆ ‘ಕಂಟ್ರಿ ಅಂಡ್ ವೆಸ್ಟರ್ನ್’ ಎಂದು ಹೆಸರಿಟ್ಟದ್ದು 1949ರಲ್ಲಿ. ಅವರು ಕಳೆದುಕೊಂಡ ಅವಮಾನವನ್ನು ನಾನು ‘ಕಂತ್ರಿ’ಯ ನೆನಪಿನಲ್ಲಿ ಮತ್ತೆ ಅಂಟಿಸಬಾರದು.

ಉಳಿದದ್ದು ನಾಟಿ ಮತ್ತು ಜವಾರಿ. ನಾಟಿ ಕೋಳಿ ಇರುವಾಗ ನಾಟಿ ಸಂಗೀತ ಯಾಕಾಗಬಾರದು ಎಂದು ಅಮ್ಮನ ವಾದ. ನನ್ನ ಒಲವು ಜವಾರಿಯ ಕಡೆ. ಧಾರವಾಡದ ಕಡೆಯವರಿಗೆ ಜವಾರಿ ಎಂದರೆ ನೆಲದ ತಳಿ, ರುಚಿ ಗಟ್ಟಿ. ಅದಲ್ಲದೆ ಹಿಂದೂಸ್ತಾನಿಯವರು ತಂಬೂರಿಯ ಕುದುರೆಯ ಮೇಲೆ ತಂತಿ ತಾಗಿ ಏಳುವ ಝೇಂಕಾರಕ್ಕೂ ಜವಾರಿ ಎಂದೇ ಹೇಳುತ್ತಾರೆ. ಮೂಗಿನಲ್ಲಿ ತುಸು ತಂದು ಹಾಡುವ ಹ್ಯಾಂಕ್ ವಿಲಿಯಮ್ಸನ ದನಿಗೆ ಎರಡೂ ಅರ್ಥ ಸಲ್ಲುತ್ತವೆ. ಹಳೇ ಮೈಸೂರಿನ ಓದುಗರಿಗೆ ಇದು ತಟ್ಟುತ್ತದೆಯೆ? ಧಾರವಾಡ, ಬೆಳಗಾವಿ, ವಿಜಯಪುರದವರು ‘ಜವಾರಿ ಹಾಡು’ ಎಂದರೆ ತಮ್ಮದೇ ಹಾಡು ಎಂದುಕೊಂಡು ದಾರಿ ತಪ್ಪುತ್ತಾರೆಯೆ? ಆ ಕಡೆಯವರು ದಯವಿಟ್ಟು ತಿಳಿಸಿ.

‘ಹಾಂಕಿಟಾಂಕ್’ ಎಂಬುದನ್ನು ಮುಟ್ಟುವುದಿಲ್ಲ. ಅದು ಕುಡಿತವೇ ಮುಂದಾದ ಜಾಗ, ಮಂಗಳೂರಿನ ಗಡಂಗಿಗೆ ಪಿಯಾನೊ ಸೇರಿದಂತೆ. ಆ ಸದ್ದೇ ಅದರ ಅರ್ಥ. ಕುಣಿತದ ನೆಲ ನುಣುಪಾಗಲೆಂದು ಉದುರಿಸುವ ಹಿಟ್ಟಿಗೆ ಮುಸುಕಿನಜೋಳ ಎನ್ನಲೋ, ಗೋವಿನಜೋಳ ಎನ್ನಲೋ, ಮೆಕ್ಕೆಜೋಳ ಎನ್ನಲೋ ಎಂಬುದನ್ನು ಸಂಪಾದಕರಿಗೇ ಬಿಟ್ಟಿದ್ದೇನೆ. ಸಂಚಿಕೆ ಅಚ್ಚಿಗೆ ಹೋಗಲು ಇನ್ನು ಮೂರು ವಾರವಿದೆ. ಚಾವಡಿ ಮತ್ತು ಜವಾರಿ, ಇವೆರಡಕ್ಕೆ ಮೊದಲು ಉತ್ತರ ಬೇಕು.