ಸಹಾಯ ಬೇಕು: ಟವರ್‌ನಿಂದ ಸ್ಯಾಟಲೈಟ್‌ಗೆ ಬದಲಾಗುವ ವಿಧಾನಕ್ಕೆ ಪೇಟೆಂಟ್

ನಮಸ್ಕಾರ. ಮಲ್ಪೆ ಕಡೆಯ ಮೀನುಗಾರಿಕೆ ಬೋಟುಗಳಿಗೆ ಟ್ರ್ಯಾಕರ್ ಮಾಡುತ್ತಿದ್ದೇವೆ. ದಡದ ಹತ್ತಿರ ಮೊಬೈಲ್ ಟವರ್, ಆಳ ಸಮುದ್ರದಲ್ಲಿ ಸ್ಯಾಟಲೈಟ್. ಸಿಗ್ನಲ್ ಪೂರ್ತಿ ಹೋಗುವವರೆಗೆ ಕಾದರೆ ಟವರ್ ಹುಡುಕುವುದರಲ್ಲೇ ಬ್ಯಾಟರಿ ಜಾಸ್ತಿ ಖರ್ಚಾಗುತ್ತದೆ. ನಮ್ಮದು ಅದಕ್ಕೂ ಮೊದಲೇ ಬದಲಾಗುತ್ತದೆ. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಅರ್ಜಿ ಹಾಕುವ ಮೊದಲೇ ಬಹಿರಂಗವಾದರೆ ಹೊಸತನಕ್ಕೇ ಕುತ್ತು, ಅಲ್ವಾ!

ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಬರೀ ಅಲ್ಗಾರಿದಮ್‌ಗೆ ಪೇಟೆಂಟ್ ಸಿಗುವುದಿಲ್ಲ. ಬ್ಯಾಟರಿ ಉಳಿತಾಯವನ್ನು ತಾಂತ್ರಿಕ ಪರಿಣಾಮ ಎಂದು ತೋರಿಸಿದರೆ ಸಾಕಾ? ಕ್ಲೇಮ್ (ಯಾವುದರ ಮೇಲೆ ಹಕ್ಕು ಕೇಳುತ್ತೇವೆ ಎನ್ನುವ ಭಾಗ) ಬರೆಯುವಾಗ ವಿಧಾನದ ಜೊತೆ ಸಾಧನವನ್ನೂ ಸೇರಿಸಬೇಕಾ? ಮೊಬೈಲ್ ನೆಟ್‌ವರ್ಕ್‌ಗಳ ಮಾನದಂಡ ರೂಪಿಸುವ 3ಜಿಪಿಪಿಯ ರಿಲೀಸ್ 17ರಲ್ಲೇ ಸ್ಯಾಟಲೈಟ್ ಸಂಪರ್ಕದ ನಿಯಮಗಳು ಬಂದಿವೆ. ಅದರಲ್ಲಿ ನಮ್ಮ ವಿಧಾನ ಆಗಲೇ ಇದೆಯಾ ಅಂತ ಹುಡುಕುವುದೇ ದೊಡ್ಡ ತಲೆನೋವು.

ಸದ್ಯಕ್ಕೆ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ, ಪೂರ್ತಿ ವಿವರ 12 ತಿಂಗಳೊಳಗೆ ಕೊಡುವ ಯೋಚನೆ ಇದೆ. ಟೆಲಿಕಾಂ ಅರ್ಜಿ ಬರೆದು ಅನುಭವವಿರುವ ಪೇಟೆಂಟ್ ಏಜೆಂಟ್ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಫೀಸ್ ಖಂಡಿತ ಕೊಡುತ್ತೇವೆ.